ರಾಡಿಯಿಂದ ಮರಳಿಗೆ: ಶಿರಸಿಯ ಹಾರ್ಡ್‌ಟೇಲ್ ಒಂದನ್ನು ಜೈಸಲ್ಮೇರ್‌ಗೆ ಸಜ್ಜು ಮಾಡಿದ ದಾಖಲೆ

ಸ್ಟ್ಯಾಂಡಿಗೆ ಏರಿದ ಸೈಕಲ್: 29 ಇಂಚಿನ ಗಾಲಿಯ ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಗುಡ್ಡಗಾಡಿನ ಸೈಕಲ್. ಮುಂದೆ 100 ಮಿ.ಮೀ. ಕುಗ್ಗುವ ಸ್ಪ್ರಿಂಗಿನ (ಕಾಯಿಲ್) ಫೋರ್ಕ್, ಪೆಡಲ್ ಬಳಿ 42-32-22 ಹಲ್ಲಿನ ಮೂರು ಚೈನ್‌ರಿಂಗ್, ಹಿಂದೆ ಎಂಟು ಗೇರು, ಮಿನರಲ್ ಆಯಿಲ್ ತುಂಬುವ ಡಿಸ್ಕ್ ಬ್ರೇಕ್. ಶಿರಸಿಯ ತೋಟದ ದಾರಿ, ದೇವಿಮನೆ ಘಾಟಿ, ಕಾರವಾರದ ಕಡಲದಂಡೆ ಎಲ್ಲ ಕಂಡದ್ದು. ಮಳೆಗಾಲದಲ್ಲೂ ಮೂಲೆಗೆ ನಿಂತದ್ದಲ್ಲ. ಹೋಗಬೇಕಾದದ್ದು ಡಿಸೆಂಬರಿನಲ್ಲಿ ಜೈಸಲ್ಮೇರ್ ಕಡೆಗೆ. ಸವಾರ ಮರುಭೂಮಿಗೆ ಹೊಸಬ, ತೂಕ 70 ಕೆ.ಜಿ. ಕೆಳಗೆ ಬರುವ ಟೈಯರ್ ಗಾಳಿಯ ಲೆಕ್ಕವೆಲ್ಲ ಆ ತೂಕಕ್ಕೆ.

ಮರುಭೂಮಿ ಅಂದ ಕೂಡಲೇ ದಪ್ಪ ಟೈಯರು, ಹೊಸ ಫೋರ್ಕು ಅಂತ ಪಟ್ಟಿ ಶುರುವಾಗುತ್ತದೆ. ನಮ್ಮ ಕಡೆಯ ಸೈಕಲ್ಲಿಗೆ ಮೊದಲು ಬೇಕಾದದ್ದು ಅದಲ್ಲ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಜೈಸಲ್ಮೇರಿನಲ್ಲಿ 200ರ ಆಸುಪಾಸು. ಇಲ್ಲಿ ಸೈಕಲ್ಲನ್ನು ಉಳಿಸುವುದು ಎಣ್ಣೆ ಮತ್ತು ಗ್ರೀಸು. ಒಂದು ಕೈ ಜಾಸ್ತಿ ಬಳಿದರೂ ನಷ್ಟವಿಲ್ಲ. ಅಲ್ಲಿ, ಹೊರಗೆ ಬಳಿದ ಅದೇ ಎಣ್ಣೆಗೆ ನುಣ್ಣನೆಯ ಮರಳು ಅಂಟಿ ಚೈನು, ಗೇರು, ಫೋರ್ಕಿನ ಸೀಲು ಎಲ್ಲವನ್ನೂ ಅರೆಯುತ್ತದೆ. ಹಾಗಾಗಿ ಕೆಲಸ ಎರಡು ಪಾಲು. ಒಳಗೆ ಸೇರಿಕೊಂಡ ನೀರು, ಉಪ್ಪು, ಕೆಂಪು ರಾಡಿ ತೆಗೆದು ಹೊಸ ಗ್ರೀಸು ತುಂಬುವುದು. ಹೊರಗೆ ಕಾಣುವುದನ್ನೆಲ್ಲ ಒಣ ಮಾಡುವುದು. ಇನ್ನುಳಿದದ್ದು ಮುಳ್ಳಿನ ವ್ಯವಹಾರ. ದುಡ್ಡು ಹೆಚ್ಚು ಹೋದದ್ದು ಅಲ್ಲಿಗೇ.

ಬಿಚ್ಚಿದಾಗ ಕಂಡದ್ದು

ಸೀಟ್ ಪೋಸ್ಟ್ ಕಚ್ಚಿಕೊಂಡಿತ್ತು. ಉಪ್ಪುಗಾಳಿ ಮತ್ತು ನೀರಿಗೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ, ಅದು ಕೊಳವೆಯ ಸಂದಿಯಲ್ಲಿ ಉಬ್ಬಿ ಬೆಣೆ ಹೊಡೆದಂತೆ ಕೂರುತ್ತದೆ. ಕ್ಲಾಂಪ್ ಪೂರ್ತಿ ಬಿಚ್ಚಿ, ಸಂದಿಗೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಬೇಕು. ಆಮೇಲೆ ಸೀಟನ್ನೇ ಹಿಡಿಕೆ ಮಾಡಿಕೊಂಡು ಎಡಕ್ಕೆ ಬಲಕ್ಕೆ ತಿರುಗಿಸುತ್ತ ಎಳೆಯಬೇಕು. ಸುತ್ತಿಗೆಯಿಂದ ಕೆಳಗೆ ಹೊಡೆದರೆ ಇನ್ನೂ ಒಳಗೆ ಹೋಗಿ ಕಚ್ಚುತ್ತದೆ. ಹೊರಬಂದ ಮೇಲೆ 400 ನಂಬರಿನ ಮರಳು ಕಾಗದದಿಂದ ಉಜ್ಜಿ, ತೆಳುವಾಗಿ ಗ್ರೀಸು ಸವರಿ, ಹಳೆಯ ಎತ್ತರಕ್ಕೆ ಟೇಪಿನ ಗುರುತು ಹಾಕಿ ಕೂರಿಸಿದ್ದಾಯಿತು.

ಪೆಡಲ್ ಕೈಗಳ ನಡುವೆ ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರಾಕೆಟ್, ಚೌಕ ತುದಿಯ ಕಾರ್ಟ್ರಿಜ್. ಕ್ರ್ಯಾಂಕ್ (ಪೆಡಲ್ ಕೈ) ಬಿಚ್ಚಿ ಬೆರಳಲ್ಲಿ ತಿರುಗಿಸಿದರೆ ಕರಕರ ಅಂತಿತ್ತು, ಅದು ಕೂರುವ ಫ್ರೇಮಿನ ಕೊಳವೆ, ಅಂದರೆ ಶೆಲ್ ಒಳಗಿಂದ ಕಂದು ನೀರು ಬಂತು. ಇದನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ, ಬದಲಿಸುವುದೇ. ಬಲಗಡೆಯ ಕಪ್ ಉಲ್ಟಾ ಥ್ರೆಡ್, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು, ಎಡಗಡೆಯದು ಮಾಮೂಲಿ. ಇದು ಗೊತ್ತಿಲ್ಲದೆ ಉದ್ದ ಪೈಪ್ ಸಿಕ್ಕಿಸಿ ಜಗ್ಗಿ ಫ್ರೇಮಿನ ಥ್ರೆಡ್ಡನ್ನೇ ಹಾಳು ಮಾಡಿದ ಸೈಕಲ್ಲುಗಳಿಗೇನೂ ಬರವಿಲ್ಲ. ಹಳೆಯದರ ಮೇಲೆ ಕೊರೆದ ಎರಡು ಅಳತೆ, ಅಂದರೆ ಶೆಲ್ಲಿನ ಅಗಲ ಮತ್ತು ಆಕ್ಸಲಿನ ಉದ್ದ, ಬರೆದುಕೊಂಡು ಅದೇ ಅಳತೆಯದು ತರಬೇಕು. ಆಕ್ಸಲ್ ಐದು ಮಿ.ಮೀ. ಹೆಚ್ಚುಕಮ್ಮಿಯಾದರೂ ಚೈನ್ ಓರೆಯಾಗಿ ಮುಂದಿನ ಗೇರು ಸರಿಯಾಗಿ ಬೀಳುವುದಿಲ್ಲ. ಥ್ರೆಡ್ಡಿಗೆ ಧಾರಾಳ ಗ್ರೀಸು, ಕ್ರ್ಯಾಂಕ್ ಬೋಲ್ಟಿಗೆ 40 ನ್ಯೂಟನ್ ಮೀಟರ್. ಕ್ರ್ಯಾಂಕ್ ಬೋಲ್ಟ್ ಸಡಿಲ ಉಳಿದರೆ ಚೌಕ ರಂಧ್ರ ಸವೆದು ದುಂಡಗಾಗುತ್ತದೆ; ಜೈಸಲ್ಮೇರಿನಿಂದ 30 ಕಿ.ಮೀ. ದೂರದಲ್ಲಿ ಅದಕ್ಕೆ ಮದ್ದಿಲ್ಲ.

ಗಾಲಿ ನಡುವಿನ ಹಬ್ಬುಗಳು ಕಪ್-ಕೋನ್ ಮಾದರಿಯವು, ಅಂದರೆ ಬಟ್ಟಲಿನಂಥ ಕಪ್ಪಿಗೂ ಆಕ್ಸಲಿನ ಮೇಲಿನ ಕೋನಿಗೂ ನಡುವೆ ಬಿಡಿ ಬಾಲ್ಸ್ ಓಡುವಂಥವು. ಈ ಹಬ್ಬುಗಳಲ್ಲಿ ಮುಂದೆ ಬದಿಗೆ 10ರಂತೆ 3/16 ಇಂಚಿನ ಬಾಲ್ಸ್, ಹಿಂದೆ ಬದಿಗೆ 9ರಂತೆ 1/4 ಇಂಚಿನವು. ನಿಮ್ಮದರಲ್ಲಿ ಎಷ್ಟಿವೆ ಎಂದು ತಟ್ಟೆ ಇಟ್ಟು ಎಣಿಸಿಯೇ ತೆಗೆಯಿರಿ. ಗ್ರೀಸು ಇರಬೇಕಾದಲ್ಲಿ ಬೂದು ಬಣ್ಣದ ಕೆಸರಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಕೋನಿನ ಮೇಲೆ ಬಾಲ್ಸ್ ಓಡುವ ಗೆರೆಯನ್ನು ಬಾಲ್‌ಪೆನ್ನಿನ ತುದಿಯಿಂದ ಸವರಿ ನೋಡಿದ್ದು: ತುದಿ ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಕೋನ್ ಉಳಿಸಿಕೊಳ್ಳಬಹುದು, ಗುಳಿಗೆ ಬಿದ್ದರೆ ಬದಲಿಸಬೇಕು. ಹಿಂದಿನ ಬಲ ಕೋನ್ ಬದಲಾಯಿತು. ಬಾಲ್ಸನ್ನಂತೂ ನೋಡದೆಯೇ ಪೂರ್ತಿ ಹೊಸದು ಹಾಕುವುದು ಸರಿ, ಬೆಲೆ ಏನೂ ಇಲ್ಲ.

ಕೋನ್ ಬಿಗಿಯುವಾಗ ಒಂದು ಸೂಕ್ಷ್ಮ. ಗಾಲಿಯನ್ನು ಫ್ರೇಮಿಗೆ ಹಿಡಿಸುವ ಲಿವರ್, ಅಂದರೆ ಕ್ವಿಕ್ ರಿಲೀಸ್ ಹಾಕಿ ಬಿಗಿದಾಗ ಆಕ್ಸಲ್ ಕೂದಲೆಳೆಯಷ್ಟು ಕುಗ್ಗುತ್ತದೆ. ಗಾಲಿ ಕೈಯಲ್ಲಿರುವಾಗ ಒಂಚೂರು ಆಟ ಇರಬೇಕು, ಫ್ರೇಮಿಗೆ ಬಿಗಿದ ಮೇಲೆ ಅದು ಮಾಯವಾಗಬೇಕು. ಕೈಯಲ್ಲೇ ಆಟ ಇಲ್ಲದ ಹಾಗೆ ಬಿಗಿದರೆ ಫ್ರೇಮಿನಲ್ಲಿ ಅದು ಅತಿ ಬಿಗಿಯಾಗಿ ಬಾಲ್ಸ್ ಕೋನನ್ನು ಕೊರೆಯುತ್ತದೆ.

ಹ್ಯಾಂಡಲ್ ತಿರುಗುವ ಕೀಲಾದ ಹೆಡ್‌ಸೆಟ್ಟಿನ ಕೆಳಗಿನ ಬೇರಿಂಗ್ ತುಕ್ಕು ಹಿಡಿದಿತ್ತು, ಬದಲಾಯಿತು. ಗೇರ್ ಕೇಬಲ್ಲುಗಳ ಹೊರ ಕವಚ ತುದಿಯಲ್ಲಿ ಕೆಂಪಾಗಿತ್ತು, 4 ಮಿ.ಮೀ. ಕವಚ, 1.2 ಮಿ.ಮೀ. ಒಳತಂತಿ ಹೊಸದು. ಒಳತಂತಿಗೆ ಎಣ್ಣೆ ಹಾಕಲಿಲ್ಲ. ಕವಚದೊಳಗೆ ನುಣುಪು ಪ್ಲಾಸ್ಟಿಕ್ ಕೊಳವೆ ಇದ್ದೇ ಇದೆ, ಎಣ್ಣೆ ಹಾಕಿದರೆ ದೂಳನ್ನು ನಾವೇ ಕರೆದಂತೆ.

ಫೋರ್ಕಿನ ಕೆಳಗಿನ ಎರಡು ಬೋಲ್ಟ್ ಬಿಚ್ಚಿ ಹೊರ ಕಾಲುಗಳನ್ನು ಎಳೆದು ತೆಗೆದಾಗ ಒಳಗೆ ನೀರಿನ ಗುರುತು ಕಂಡಿತು. ಒರೆಸಿ, ಸಸ್ಪೆನ್ಶನ್ ಗ್ರೀಸು ಸವರಿ, ಡಸ್ಟ್ ಸೀಲ್ ಹೊಸದು ಹಾಕಿ ಮುಚ್ಚಿದ್ದಾಯಿತು. ಹೊಳೆಯುವ ಒಳ ಕಾಲುಗಳ ಮೇಲೆ ಹೊರಗಿನಿಂದ ಎಣ್ಣೆ ಹೊಡೆಯುವ ರೂಢಿ ನಮ್ಮಲ್ಲಿದೆ. ಅಲ್ಲಿ ಅದನ್ನು ಬಿಡಬೇಕು. ದಿನದ ಕೊನೆಗೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಬ್ರೇಕ್ ಬಗ್ಗೆ ಹೇಳುವುದು ಸ್ವಲ್ಪ. ಘಾಟಿಯ ರಾಡಿಯಲ್ಲಿ ಪ್ಯಾಡ್ ಸವೆದು ತಗಡಿನ ಮೇಲೆ ಅರ್ಧ ಮಿ.ಮೀ. ಉಳಿದಿತ್ತು, ಅದು ಬದಲಿಸುವ ಹಂತವೇ. ಲೋಹದ ಪ್ಯಾಡ್ ಬಾಳಿಕೆ ಹೆಚ್ಚು ಅಂತ ತಂದುಬಿಡಬೇಡಿ. ಕಡಿಮೆ ಬೆಲೆಯ ರೋಟರುಗಳ (ಬ್ರೇಕಿನ ತಟ್ಟೆಗಳ) ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೊರೆದಿರುತ್ತದೆ, ಇದರ ಮೇಲೂ ಇತ್ತು. ಅಂಥದ್ದಕ್ಕೆ ಲೋಹದ ಪ್ಯಾಡ್ ಹಾಕಿದರೆ ರೋಟರನ್ನೇ ತಿಂದುಹಾಕುತ್ತದೆ. ರೆಸಿನ್ ಪ್ಯಾಡ್ ಹಾಕಿ, ಇಳಿಜಾರಿನಲ್ಲಿ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಸುವುದನ್ನು ಹದಿನೈದಿಪ್ಪತ್ತು ಸಲ ಮಾಡಿದರೆ ಹಿಡಿತ ಕೂರುತ್ತದೆ.

ಗಾಲಿ, ಟೈಯರು, ಮುಳ್ಳು

ಥಾರ್ ಮತ್ತು ಕಛ್‌ನಲ್ಲಿ ಹೊಸಬರನ್ನು ನಿಲ್ಲಿಸುವುದು ಮರಳಲ್ಲ, ಮುಳ್ಳು. ನಮ್ಮ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಅನ್ನುವ ಗಿಡವೇ ಅಲ್ಲಿನ ವಿಲಾಯತಿ ಬಬೂಲ್. ಅದರ ಮುಳ್ಳು ಉದ್ದ, ಗಟ್ಟಿ. ಟೈಯರಿನ ಗುಬುಟು ದಾಟಿ ನೇರ ಒಳಗೆ ಹೋಗಿ ಅಲ್ಲೇ ಮುರಿಯುತ್ತದೆ. ನೆಗ್ಗಿಲ ಮುಳ್ಳು ಗಿಡ್ಡ, ಆದರೆ ಒಂದು ಸಲಕ್ಕೆ ಹತ್ತಾರು ಕಡೆ ಚುಚ್ಚುತ್ತದೆ. ಮಾಮೂಲಿ ಟ್ಯೂಬಿನಲ್ಲಿ ಹೋದರೆ ದಿನವಿಡೀ ಪ್ಯಾಚ್ ಹಚ್ಚುವುದೇ ಕೆಲಸ. ಗಾಳಿ ಇಳಿಸಿದರೆ ಮಾತ್ರ ಮರಳಲ್ಲಿ ಹೋಗಲು ಸಾಧ್ಯ, ಟ್ಯೂಬಿದ್ದಾಗ ಗಾಳಿ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬ್ ಎರಡು ಕಡೆ ಸೀಳುತ್ತದೆ. ಎರಡಕ್ಕೂ ಉತ್ತರ ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬ್ ಇಲ್ಲದೆ ಟೈಯರನ್ನೇ ರಿಮ್ಮಿಗೆ ಗಾಳಿಯಾಡದಂತೆ ಕೂರಿಸಿ, ತೂತು ಮುಚ್ಚುವ ದ್ರವ (ಸೀಲೆಂಟ್) ತುಂಬುವುದು.

ಹಳೆಯ ರಿಮ್ ಒಳ ಅಗಲ 19 ಮಿ.ಮೀ., ಟ್ಯೂಬ್‌ಲೆಸ್‌ಗೆ ಮಾಡಿದ್ದಲ್ಲ. ಅಂಥ ರಿಮ್ಮಿಗೆ ಟೇಪ್ ಸುತ್ತಿ ಓಡಿಸುವವರಿದ್ದಾರೆ. ಗಾಳಿ 18 ಪಿಎಸ್‌ಐಗೆ ಇಳಿದಾಗ ತಿರುವಿನಲ್ಲಿ ಟೈಯರಿನ ಅಂಚು ರಿಮ್ಮಿನಿಂದ ಎದ್ದು ಫುಸ್ ಅಂತ ಗಾಳಿ ಬಿಡುತ್ತದೆ. ಜೊತೆಗೆ ಇದರ ನಿಪ್ಪಲ್ಲುಗಳು, ಅಂದರೆ ಸ್ಪೋಕನ್ನು ರಿಮ್ಮಿಗೆ ಬಿಗಿಯುವ ನಟ್ಟುಗಳು, ತುಕ್ಕಿಗೆ ಅಂಟಿ, ಬೆಂಡ್ ತೆಗೆಯಲು ಹೋದರೆ ಸ್ಪೋಕ್ ತಿರುಚಿಕೊಳ್ಳುತ್ತಿತ್ತು. ಹಾಗಾಗಿ ಹಬ್ ಉಳಿಸಿಕೊಂಡು ಗಾಲಿ ಹೊಸದಾಗಿ ಕಟ್ಟುವುದೆಂದು ತೀರ್ಮಾನ: 25 ಮಿ.ಮೀ. ಒಳ ಅಗಲದ 32 ತೂತಿನ ಟ್ಯೂಬ್‌ಲೆಸ್ ರೆಡಿ ರಿಮ್, ಗಾಲಿಗೆ 32 ಸ್ಟೇನ್‌ಲೆಸ್ ಸ್ಪೋಕ್, ಹಿತ್ತಾಳೆ ನಿಪ್ಪಲ್. ಅಲ್ಯೂಮಿನಿಯಂ ನಿಪ್ಪಲ್ ಹಗುರ ನಿಜ, ಕಡಲ ಹತ್ತಿರ ಎರಡು ಮಳೆಗಾಲಕ್ಕೆ ಪುಡಿಯಾಗುತ್ತದೆ. ಸ್ಪೋಕಿನ ಉದ್ದ ರಿಮ್ಮಿನ ಮೇಲೆ ಅವಲಂಬಿಸಿದ್ದು. ಹಳೆಯ ಉದ್ದವನ್ನೇ ಹೇಳಿ ತರಿಸಿದರೆ ಅರ್ಧ ಹೊಂದುವುದಿಲ್ಲ. ಕಟ್ಟಿದ್ದು ಮೂರು ಕ್ರಾಸ್ (ಒಂದು ಸ್ಪೋಕ್ ಬೇರೆ ಮೂರನ್ನು ದಾಟುವಂತೆ), ಹಿಂದಿನ ಗೇರ್ ಬದಿಗೆ 110 ಕೆ.ಜಿ. ಬಿಗಿ.

ಟೈಯರು ಮುಂದೆ 2.35 ಇಂಚು, ಹಿಂದೆ 2.25. ಮುಂದಿನದು ಮರಳಿನ ಮೇಲೆ ತೇಲಬೇಕು, ಅದಕ್ಕೇ ದಪ್ಪ. ಹಿಂದೆಯೂ 2.35 ಹಾಕಬಹುದಿತ್ತು, ಆದರೆ ಹಿಂದಿನ ಗಾಲಿಯ ಮಗ್ಗುಲಿನ ಫ್ರೇಮಿನ ಕೊಳವೆಗಳಾದ ಚೈನ್‌ಸ್ಟೇ ಬಳಿ ಒಂದೊಂದು ಬದಿಗೆ 6 ಮಿ.ಮೀ. ಜಾಗವಾದರೂ ಉಳಿಯಬೇಕು, ಉಳಿಯಲಿಲ್ಲ. ರಾಡಿಗೆಂದು ಮಾಡಿದ, ಎತ್ತರದ ವಿರಳ ಗುಬುಟಿನ ಟೈಯರು ಅಲ್ಲಿಗೆ ದಂಡ. ಗಟ್ಟಿ ನೆಲದಲ್ಲಿ ಗುಬುಟು ಬಾಗಿ ಜಾರುತ್ತದೆ, ಮರಳಲ್ಲಿ ಅಗೆದು ಹೂಳುತ್ತದೆ. ಗಿಡ್ಡ, ಒತ್ತಾದ ಗುಬುಟು, ಬದಿ ಗೋಡೆಗೆ ಹೆಚ್ಚುವರಿ ಪದರ ಇರುವುದು ಬೇಕು.

ಟ್ಯೂಬ್‌ಲೆಸ್ ಕೂರಿಸುವಲ್ಲಿ ಕೆಡುವುದೆಲ್ಲ ಟೇಪಿನಲ್ಲೇ. ರಿಮ್ಮಿನ ಒಳಗನ್ನು ಸ್ಪಿರಿಟ್‌ನಲ್ಲಿ ಒರೆಸಿ. ಬೆರಳಿನ ಜಿಡ್ಡೂ ಉಳಿಯಬಾರದು. ಒಳ ಅಗಲಕ್ಕಿಂತ 3 ಮಿ.ಮೀ. ಹೆಚ್ಚು, ಅಂದರೆ 28 ಮಿ.ಮೀ. ಟೇಪ್. ವಾಲ್ವ್ ತೂತಿಗೆ ಒಂದು ಗೇಣು ಮೊದಲೇ ಶುರುಮಾಡಿ, ಬಿಗಿಯಾಗಿ ಎಳೆಯುತ್ತ ಪೂರ್ತಿ ಸುತ್ತಿ, ತೂತು ದಾಟಿ ಇನ್ನೊಂದು ಗೇಣಿಗೆ ಮುಗಿಸಿ. ಸುಕ್ಕು ಬಿದ್ದರೆ ಅದೇ ಗಾಳಿಯ ದಾರಿ. ಆಮೇಲೆ ಟೈಯರಿನೊಳಗೆ ಮಾಮೂಲಿ ಟ್ಯೂಬ್ ಹಾಕಿ 35 ಪಿಎಸ್‌ಐ ತುಂಬಿ ಒಂದು ರಾತ್ರಿ ಇಟ್ಟರೆ ಟೇಪ್ ಮೂಲೆಮೂಲೆಗೂ ಒತ್ತಿ ಕೂರುತ್ತದೆ. ಮರುದಿನ ಟ್ಯೂಬ್ ತೆಗೆಯುವಾಗ ಟೈಯರಿನ ಒಂದೇ ಅಂಚು ಬಿಚ್ಚಿ. ವಾಲ್ವ್ ತೂತನ್ನು ಬ್ಲೇಡಿನಿಂದ ಸೀಳಬೇಡಿ, ಸೀಳು ಬೆಳೆಯುತ್ತದೆ; ಕಾದ ದಬ್ಬಣದಿಂದ ದುಂಡಗೆ ಚುಚ್ಚಿ.

ಅಂಚಿಗೆ ಸೋಪುನೀರು ಬಳಿದು, ವಾಲ್ವಿನ ಕೋರ್ ಬಿಚ್ಚಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಒಂದೇ ದಮ್ಮಿಗೆ ಗಾಳಿ ಬಿಡಿಸಬೇಕು. ಸಪೂರಾದ ಪ್ರೆಸ್ಟಾ ವಾಲ್ವಿಗೆ ಹಿತ್ತಾಳೆಯ ಅಡಾಪ್ಟರ್ ಜೇಬಲ್ಲಿ ಇರಲಿ, ಅಂಗಡಿಯಲ್ಲಿ ಸಿಗುವುದಿಲ್ಲ. ಎರಡು ಸಲ ಟಪ್ ಟಪ್ ಅಂದರೆ ಎರಡೂ ಅಂಚು ಕೂತವು. ರಿಮ್ಮಿನ ಮೇಲೆ ಬರೆದ ಮಿತಿ ದಾಟಿಸಬೇಡಿ. ಕಂಪ್ರೆಸರ್ ಹಿಡಿದ ಹುಡುಗನಿಗೆ ಸ್ಕೂಟರಿನ ಲೆಕ್ಕ ಗೊತ್ತು, ಇದರದ್ದಲ್ಲ. ಗಾಳಿ ಬಿಟ್ಟು, ಕೋರ್ ತೂತಿನಿಂದಲೇ ಸೀಲೆಂಟ್ ತುಂಬಿಸಿ: ಮುಂದೆ 120 ಮಿ.ಲೀ., ಹಿಂದೆ 110. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿಯೇ ತುಂಬಿಸಬೇಕು, ತೂತು ಮುಚ್ಚುವ ಕಣಗಳೆಲ್ಲ ತಳದಲ್ಲಿರುತ್ತವೆ. ಮತ್ತೆ ಗಾಳಿ ತುಂಬಿ ಗಾಲಿಯನ್ನು ಒಂದೊಂದು ಮಗ್ಗುಲಿಗೆ ಹತ್ತು ನಿಮಿಷ ಮಲಗಿಸಿ. ಸ್ಪೋಕ್ ತೂತಿನಿಂದ ಗುಳ್ಳೆ ಬಂದರೆ ಟೇಪ್ ಸೋತಿದೆ, ಬಿಚ್ಚಿ ಮೊದಲಿನಿಂದ. ಸೀಲೆಂಟ್ ತಾನೇ ಮುಚ್ಚಿಕೊಳ್ಳಲಿ ಅಂತ ಕಾಯಬೇಡಿ.

ನಮ್ಮ ತೇವದ ಹವೆಯಲ್ಲಿ ಮೂರು ನಾಲ್ಕು ತಿಂಗಳು ದ್ರವವಾಗಿರುವ ಸೀಲೆಂಟ್ ಒಣ ಹವೆಯಲ್ಲಿ ಅದಕ್ಕಿಂತ ಬೇಗ ರಬ್ಬರಿನ ಸಿಪ್ಪೆಯಾಗುತ್ತದೆ. ಪ್ರತಿ ಮುಳ್ಳಿನ ತೂತೂ ಸ್ವಲ್ಪ ಸ್ವಲ್ಪ ಕುಡಿಯುತ್ತದೆ. ಹಾಗಾಗಿ ಜೊತೆಗೆ 120 ಮಿ.ಲೀ.ಯ ಸಣ್ಣ ಬಾಟಲಿ. ಕಿವಿಯ ಬಳಿ ಹಿಡಿದು ಗಾಲಿ ಅಲ್ಲಾಡಿಸಿದಾಗ ಒಳಗೆ ದ್ರವದ ಸಪ್ಪಳ ಬರದಿದ್ದರೆ ತುಂಬಿಸುವ ಹೊತ್ತಾಯಿತು.

ಮುಳ್ಳು ಕಂಡಲ್ಲಿ ಹೀಗೆ ಮಾಡಬೇಕು. ಗಿಡ್ಡ ಮುಳ್ಳನ್ನು ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಅರೆ ನಿಮಿಷ ನಿಲ್ಲಿಸಿದರೆ ಮುಚ್ಚುತ್ತದೆ. ದಪ್ಪ ಜಾಲಿ ಮುಳ್ಳನ್ನು ಕೀಳುವ ಮೊದಲು ಪ್ಲಗ್ (ತೂತಿಗೆ ತುರುಕುವ ರಬ್ಬರ್ ಎಳೆ) ಮತ್ತು ಪಂಪ್ ಕೈಗೆ ತೆಗೆದಿಟ್ಟುಕೊಳ್ಳಿ. ತೀರಾ ಕೊನೆಗೆ ಟ್ಯೂಬ್ ಹಾಕುವ ಪ್ರಸಂಗ ಬಂದರೆ, ಅದುವರೆಗೆ ಸೀಲೆಂಟಿನ ಕೃಪೆಯಲ್ಲಿ ಸದ್ದಿಲ್ಲದೆ ಕೂತ ಮುಳ್ಳಿನ ತುದಿಗಳೆಲ್ಲ ಒಳಗೆ ಚಾಚಿಕೊಂಡಿರುತ್ತವೆ. ಚಿಂದಿ ಬಟ್ಟೆಯನ್ನು ಟೈಯರಿನೊಳಗೆ ಪೂರ್ತಿ ಒಂದು ಸುತ್ತು ಎಳೆಯಿರಿ, ಸಿಕ್ಕಿದಲ್ಲೆಲ್ಲ ಮುಳ್ಳಿದೆ. ಇಕ್ಕಳದಿಂದ ಒಂದೊಂದೇ ಕಿತ್ತ ಮೇಲೆಯೇ ಟ್ಯೂಬ್. ಇಷ್ಟು ಮಾಡದವರ ಹೊಸ ಟ್ಯೂಬ್ ಒಂದು ಕಿಲೋಮೀಟರೂ ಬಾಳುವುದಿಲ್ಲ.

ಗೇರು ಮತ್ತು ಚೈನ್

ಒಂದೇ ಚೈನ್‌ರಿಂಗಿಗೆ ಬದಲಿಸುವ ಮಾತು ಬಂತು. ಬೇಡ ಎಂದಾಯಿತು. ಇದ್ದ 11-32 ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಸವೆದಿತ್ತು, ಆ ಜಾಗಕ್ಕೆ 11-34. ಮುಂದೆ 22, ಹಿಂದೆ 34 ಇದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ ಒಂದೂವರೆ ಮೀಟರ್ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಏಳು ಕಿ.ಮೀ. ಚಿಲ್ಲರೆ. ಸಡಿಲ ಮರಳಲ್ಲಿ ಅದಕ್ಕಿಂತ ನಿಧಾನವಾದರೆ ಸಮತೋಲ ಉಳಿಯದು, ಇಳಿದು ತಳ್ಳುವುದೇ ವಾಸಿ. ಇನ್ನೂ ಹಗುರ ಗೇರಿಗೆ ದುಡ್ಡು ಸುರಿದು ಬರುವ ಲಾಭ ಇಲ್ಲ.

ಚೈನ್ ಸವೆತಕ್ಕೆ ಉಪಕರಣ ಇಲ್ಲದಿದ್ದರೆ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನನ್ನು ಸೊನ್ನೆ ಎಂದು ಹಿಡಿದರೆ ಅಲ್ಲಿಂದ 24ನೇ ಪಿನ್ನಿಗೆ ಸರಿಯಾಗಿ 12 ಇಂಚು. ಅದು 1/16 ಇಂಚು ಹಿಗ್ಗಿದ್ದರೆ ಚೈನ್ ಬದಲಿಸಿ. 1/8 ಹಿಗ್ಗುವವರೆಗೆ ಬಿಟ್ಟರೆ ಕ್ಯಾಸೆಟ್ಟೂ ಹೋಗಿರುತ್ತದೆ, ಇಲ್ಲಿ ಆದದ್ದು ಅದೇ. ಹೊಸ ಚೈನಿನ ಉದ್ದ: ಗೇರು ಬದಲಿಸುವ ಡಿರೇಲರ್ ಒಳಗೆ ಹಾಯಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಸುತ್ತಿ, ಮುಟ್ಟಿದ ಅಳತೆಗೆ ಒಂದು ಇಂಚು ಸೇರಿಸಿ ಕತ್ತರಿಸುವುದು.

ಎಣ್ಣೆಯ ಬದಲು ಮೇಣ. ಹೊಸ ಚೈನಿನ ಕಾರ್ಖಾನೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಎರಡು ಸಲ, ಕೊನೆಗೊಮ್ಮೆ ಸ್ಪಿರಿಟ್‌ನಲ್ಲಿ ಕುಲುಕಿ ತೊಳೆದು ಪೂರ್ತಿ ಒಣಗಿಸಬೇಕು. ಜಿಡ್ಡು ಉಳಿದರೆ ಮೇಣ ಹಿಡಿಯದು. ಸೀಮೆಎಣ್ಣೆ, ಸ್ಪಿರಿಟ್ ಕೆಲಸ ಒಲೆಯಿಂದ ದೂರ, ಹೊರಗಡೆ. ಅರ್ಧ ಕೆ.ಜಿ. ಪ್ಯಾರಾಫಿನ್ ಮೇಣವನ್ನು ಹಳೇ ಪಾತ್ರೆಯಲ್ಲಿ ಹಾಕಿ, ಕುದಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನೇರ ಬೆಂಕಿಗೆ ಇಡಬೇಡಿ, ಹೊಗೆಯೆದ್ದು ಹೊತ್ತಿಕೊಳ್ಳುತ್ತದೆ. ಚೈನ್ ಇಳಿಬಿಟ್ಟು, ಗುಳ್ಳೆ ನಿಲ್ಲುವವರೆಗೆ ಅಲ್ಲಾಡಿಸಿ. ಉರಿ ಆರಿಸಿ, ಮೇಣದ ಮೇಲೆ ಹಾಲಿನ ಕೆನೆಯಂತೆ ತೆಳು ಪದರ ಕಟ್ಟುವ ಹೊತ್ತಿಗೆ ಎತ್ತಿದರೆ ಸಂದಿಗಳೊಳಗೆ ಹೆಚ್ಚು ಮೇಣ ಉಳಿಯುತ್ತದೆ. ಬಿಸಿ ಇರುವಾಗಲೇ ಎತ್ತಿದರೆ ಸೋರಿಹೋಗುತ್ತದೆ. ತಣ್ಣಗಾದ ಚೈನ್ ಕೋಲಿನ ಹಾಗೆ ಸೆಟೆದಿರುತ್ತದೆ. ಒಂದೊಂದು ಕೊಂಡಿಯನ್ನೂ ಬಗ್ಗಿಸಿ ಸಡಿಲಿಸಿಯೇ ಹಾಕಿ. ಮರಳಿನ ದಾರಿಯಲ್ಲಿ 200 ಕಿ.ಮೀ.ಗೆ ಇದು ಮುಗಿಯುತ್ತದೆ, ಕಿರಿಕಿರಿ ಸದ್ದೇ ಸೂಚನೆ. ಅಲ್ಲಿ ಒಲೆ ಹೂಡುವ ಬದಲು ಮೇಣ ಹಾಕಿದ ಇನ್ನೊಂದು ಚೈನನ್ನು ಕ್ವಿಕ್ ಲಿಂಕ್ ಸಮೇತ ಒಯ್ಯುವುದು ಸುಲಭ. ಊರಿಗೆ ಬಂದ ಮೇಲೆ ಮಾತ್ರ ಮೇಣ ಬೇಡ. ಒಂದು ಮಳೆಗೆ ತೊಳೆದುಹೋಗಿ ಬೆಳಗಾಗುವುದರೊಳಗೆ ಚೈನ್ ಕೆಂಪಾಗುತ್ತದೆ.

ಪರೀಕ್ಷೆ: ಹೊಯ್ಗೆ ಮತ್ತು ಚಿರೆಕಲ್ಲು

ಮರಳಿನ ಅಭ್ಯಾಸಕ್ಕೆ ಕಾರವಾರದ ಕಡಲದಂಡೆಯೇ ಇದೆ. ನೀರಂಚಿನ ಗಟ್ಟಿ ಹೊಯ್ಗೆಯಲ್ಲಿ ಓಡಿಸಿದರೆ ಏನೂ ಕಲಿಯಲಾಗದು; ಉಬ್ಬರದ ಗೆರೆಯ ಮೇಲಿನ ಒಣ, ಸಡಿಲ ಹೊಯ್ಗೆ ಬೇಕು. ಚಳಿಗಾಲದಲ್ಲಿ ಈ ಕರಾವಳಿಯಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುವುದೂ ಅದೇ ಪಟ್ಟಿಯಲ್ಲಿ. ಹಾಗಾಗಿ ಓಡಿಸುವುದು ಜನ ಓಡಾಡುವ ಊರ ಮಗ್ಗುಲಿನ ದಂಡೆಯಲ್ಲಿ, ಹಗಲಲ್ಲಿ ಮಾತ್ರ.

ಗಾಳಿ ಮುಂದೆ 15, ಹಿಂದೆ 17 ಪಿಎಸ್‌ಐ. ಹೊಯ್ಗೆಗೆ ಇಳಿಯುವ ಮೊದಲೇ ಹಗುರ ಗೇರಿಗೆ ಬನ್ನಿ. ಒಳಗೆ ಹೋದ ಮೇಲೆ ಬದಲಿಸಿದರೆ ಚೈನ್ ಹಾರುತ್ತದೆ. ಸೀಟಿನಲ್ಲಿ ಕೂತೇ, ಭಾರ ಸ್ವಲ್ಪ ಹಿಂದಕ್ಕೆ, ತುಳಿತ ಒಂದೇ ಸಮ. ಹ್ಯಾಂಡಲನ್ನು ಬಿಗಿಹಿಡಿದು ನೇರ ಮಾಡಲು ಹೋದಷ್ಟೂ ಮುಂದಿನ ಗಾಲಿ ಅಗೆದು ಅಡ್ಡವಾಗುತ್ತದೆ. ಕೈ ಸಡಿಲ ಬಿಟ್ಟರೆ ಅದು ಅಲ್ಲಾಡಿಕೊಂಡೇ ದಾರಿ ಹುಡುಕುತ್ತದೆ. ತಿರುಗಿಸುವುದು ಸೊಂಟದಿಂದ. ಮುಂದಿನ ಬ್ರೇಕ್ ಮುಟ್ಟಲೇಬಾರದು. ಮುಗಿದ ಕೂಡಲೇ ಸಿಹಿನೀರಲ್ಲಿ ತೊಳೆದು, ಒರೆಸಿ, ಚೈನನ್ನು ಒಣಗಿಸಿ. ಈ ಪರೀಕ್ಷೆಯನ್ನು ಹಳೆಯ ಚೈನಿನಲ್ಲಿ ಮಾಡಿದ್ದು ಅದಕ್ಕೇ.

ಜೈಸಲ್ಮೇರ್ ಸುತ್ತಿನ ನೆಲದ ಬಹುಪಾಲು ದಿಬ್ಬವಲ್ಲ; ಹಳದಿ ಸುಣ್ಣಕಲ್ಲು, ಜಲ್ಲಿ, ನಡುನಡುವೆ ಮರಳಿನ ತೇಪೆ. ಅದಕ್ಕೆ ನಮ್ಮಲ್ಲಿ ಹೊಂದುವುದು ಕುಮಟಾ, ಹೊನ್ನಾವರ ಕಡೆಯ ಬೋಳು ಚಿರೆಕಲ್ಲು ಗುಡ್ಡ. ಅಲ್ಲಿ ಗಾಳಿ ಮುಂದೆ 20, ಹಿಂದೆ 23. ಉದುರು ಜಲ್ಲಿಯ ತಿರುವಿಗೆ ಬರುವ ಮೊದಲೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ಹೋಗುವುದನ್ನು ಇಲ್ಲೇ ಕಲಿತುಕೊಳ್ಳಬೇಕು.

ಗಾಳಿ ನೋಡುವ ಹೊತ್ತೂ ಮುಖ್ಯ. ಥಾರ್‌ನ ಚಳಿಗಾಲದಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ 15ರಿಂದ 20 ಡಿಗ್ರಿ ವ್ಯತ್ಯಾಸ ಬೀಳುತ್ತದೆ. 20 ಡಿಗ್ರಿಗೆ ಟೈಯರಿನ ಗಾಳಿ ಎರಡು ಪಿಎಸ್‌ಐ ಆಸುಪಾಸು ಏರಿಳಿಯುತ್ತದೆ. ಮಧ್ಯಾಹ್ನ 15ಕ್ಕೆ ಇಟ್ಟು ಮಲಗಿದರೆ ಬೆಳಗಿನ ಚಳಿಯಲ್ಲಿ ಅದು 13ರ ಆಸುಪಾಸು. ಮೊದಲ ಕಲ್ಲಿಗೇ ರಿಮ್ ಬಡಿಯುತ್ತದೆ. ಡಿಜಿಟಲ್ ಗೇಜ್ ಇಟ್ಟುಕೊಂಡು ಹೊರಡುವ ಮುನ್ನ ನೋಡಿ.

ನೀರು, ಪಾರ್ಸೆಲ್

ಕರಾವಳಿಯವರಿಗೆ ನೀರಿನ ಅಂದಾಜು ತಪ್ಪುತ್ತದೆ. ಇಲ್ಲಿ ಬೆವರು ಮೈಮೇಲೆ ಹರಿಯುವುದು ಕಾಣುತ್ತದೆ, ಅಲ್ಲಿ ಹರಿಯುವ ಮೊದಲೇ ಆರಿಹೋಗುತ್ತದೆ. ಬಾಯಾರಿಕೆ ಕಾಯದೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬೆನ್ನಿನ ಚೀಲದಲ್ಲಿ 3 ಲೀಟರ್, ಫ್ರೇಮಿನ ಬಾಟಲಿಗಳಲ್ಲಿ ಒಂದೂವರೆ. ಒಂದು ಬಾಟಲಿಗೆ ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪಿನ ಲೆಕ್ಕ. ಶಿರಸಿಯವರಿಗೆ ಮುರುಗಲ ಸಿಪ್ಪೆ ನೆನೆಸಿದ ನೀರು ಬೆರೆಸುವುದನ್ನು ಹೇಳಿಕೊಡಬೇಕಿಲ್ಲ. ಗಡಿಯ ಕಡೆಯ ಪ್ರದೇಶಗಳಿಗೆ ಹೊರಗಿನವರಿಗೆ ಅನುಮತಿ ಬೇಕು, ದಾರಿ ಗೆರೆ ಹಾಕುವ ಮೊದಲೇ ಜೈಸಲ್ಮೇರಿನಲ್ಲಿ ವಿಚಾರಿಸಿ.

ಸೈಕಲ್ ಹೋಗುವುದು ಶಿರವಾಡದ ಕಾರವಾರ ರೈಲು ನಿಲ್ದಾಣದಿಂದ, ಪಾರ್ಸೆಲ್ಲಾಗಿ. ಪೆಡಲ್ ಬಿಚ್ಚಬೇಕು: ಎಡಗಡೆಯದು ಉಲ್ಟಾ ಥ್ರೆಡ್, ಪಾನಾ ಮೇಲ್ಮುಖವಾಗಿ ಹಿಡಿದು ಹಿಂದಿನ ಗಾಲಿಯ ಕಡೆಗೆ ಒತ್ತಿದರೆ ಎರಡೂ ಬಿಚ್ಚುತ್ತವೆ. ಹ್ಯಾಂಡಲ್ ಸಡಿಲಿಸಿ ಫ್ರೇಮಿಗೆ ಸಮಾನಾಂತರ ತಿರುಗಿಸಿ. ಡಿರೇಲರಿಗೆ ರಟ್ಟಿನ ಕವಚ. ಗಾಲಿ ತೆಗೆದರೆ ಬ್ರೇಕ್ ಪ್ಯಾಡುಗಳ ನಡುವೆ ಮಡಿಚಿದ ರಟ್ಟಿನ ತುಂಡು ಸಿಕ್ಕಿಸಲೇಬೇಕು. ದಾರಿಯಲ್ಲಿ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಕೂಡಿಕೊಂಡು ರೋಟರ್ ಒಳಗೆ ಹೋಗುವುದಿಲ್ಲ. ಸೀಲೆಂಟ್ ಬಾಟಲಿ, ಪ್ಲಗ್, ಇಕ್ಕಳ, ಎರಡು ಟ್ಯೂಬ್, ಅಡಾಪ್ಟರ್, ವಾಲ್ವ್ ಕೋರ್ ಬಿಚ್ಚುವ ಕೀ, ಎರಡನೇ ಚೈನ್ ಇವನ್ನು ಸೈಕಲ್ಲಿಗೆ ಕಟ್ಟದೆ ಕೈಚೀಲದಲ್ಲಿ ಒಯ್ಯಿರಿ. ಇಳಿದ ಮೇಲೆ ಮೊದಲ 20 ಕಿ.ಮೀ. ಊರ ಸುತ್ತಲೇ ಓಡಿಸಿ, ಕ್ರ್ಯಾಂಕ್ ಬೋಲ್ಟ್ ಮತ್ತು ಹೊಸ ಸ್ಪೋಕುಗಳ ಬಿಗಿ ಇನ್ನೊಮ್ಮೆ ನೋಡಿ.